ಹೆಸರಿಲ್ಲದ ಗಿಡ

ಪೂಜ್ಯ ಗುರುಸಿದ್ಧವ್ವ ತಾಯಿಯವರ ಮಠವೆಂದರೆ ಹಂಚು ಹೊದಿಸಿದ ಎರಡು ಅಂಕಣ, ಒಂದು ಅಡುಗೆಮನೆ, ಬಾಗಿಲ ಮುಂದೊಂದು ಬೇವಿನ ಮರ. ಭಕ್ತರು ಮಾಡಿಸಿಕೊಟ್ಟ ಪೀಠವೂ ಇತ್ತು. ಅದರ ಮೇಲೆ ಮಠದ ಬೆಕ್ಕು ವಿರಾಜಮಾನವಾಗಿರುತ್ತಿತ್ತು. ತಾಯಿಯವರು ಸದಾ ನೆಲದ ಮೇಲೆ, ಮೊರದ ಮುಂದೆ ಕುಳಿತು ದಾಸೋಹದ ಜೋಳ ಹಸನು ಮಾಡುತ್ತಿದ್ದರು.

ಒಂದು ಮುಂಜಾನೆ ಅಲ್ಲಿಗೆ ಚನ್ನವೀರ ಬಂದ. ಊರೂರು ತಿರುಗಿ ವ್ಯಕ್ತಿತ್ವ ವಿಕಸನದ ಉಪನ್ಯಾಸ ಕೊಡುವವನು. ಸಾವಿರ ಜನರನ್ನು ಅಳಿಸಿ, ನಗಿಸಿ, ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಬಲ್ಲವನು. ಬಂದದ್ದು ದರ್ಶನಕ್ಕಲ್ಲ, ಹೆಂಡತಿಯನ್ನು ಕರೆದೊಯ್ಯಲು. ವರ್ಷದ ಹಿಂದೆ ಅವರ ಏಳು ವರ್ಷದ ಮಗಳು ಮೂರೇ ದಿನದ ಜ್ವರದಲ್ಲಿ ತೀರಿಕೊಂಡಿದ್ದಳು. ಆರು ತಿಂಗಳಲ್ಲಿ ಚನ್ನವೀರ ಅದನ್ನೊಂದು ಕತೆ ಮಾಡಿ ಪುಸ್ತಕ ತಂದ: ‘ದುಃಖ ದಾಟುವ ಏಳು ಮೆಟ್ಟಿಲು’. ಪುಸ್ತಕ ಮನೆಗೆ ಬಂದ ವಾರವೇ ಹೆಂಡತಿ ಶಾಂಭವಿ ಒಂದು ಕೈಚೀಲ ಹಿಡಿದು ಮಠಕ್ಕೆ ಬಂದವಳು, ರೊಟ್ಟಿ ಬಡಿಯುತ್ತ ಅಲ್ಲೇ ಉಳಿದುಬಿಟ್ಟಿದ್ದಳು.

ಗಂಡನನ್ನು ಕಂಡು ಅವಳು ಅಂದದ್ದು ಇಷ್ಟೇ: “ಅವ್ವಾರು ಹೋಗಂದ್ರ ಬರ್ತೀನಿ.”

ಬರಿಗೈಲಿ ಬರಬಾರದೆಂದು ಮಗಳ ನೆನಪಿನಲ್ಲಿ ಎರಡು ಚೀಲ ಅಕ್ಕಿ ತಂದಿದ್ದ. ಅದನ್ನಿಳಿಸಿ ತಾಯಿಯವರ ಮುಂದೆ ಕುಳಿತ. “ನೀವರ ಅಕೀಗೆ ಬುದ್ಧಿ ಹೇಳ್ರಿ ಅವ್ವಾರ. ಊರಿಗೆಲ್ಲಾ ನಾ ಹೇಳ್ತೀನಿ, ಮನ್ಯಾಗ ಕೇಳವ್ರಿಲ್ಲ.” ಪುಸ್ತಕ ಮುಂದಿಟ್ಟ.

“ನನಗ ಓದಾಕ ಬರೂದಿಲ್ಲೋ ತಮ್ಮಾ. ನೀನ ಓದು.”

ಓದಿದ. ಒಬ್ಬ ಮಾಲಿ, ಅವನ ಪ್ರೀತಿಯ ಗಿಡವೊಂದು ಒಣಗಿತು, ಏಳು ಮೆಟ್ಟಿಲು ಏರಿ ಅವನು ದುಃಖ ಗೆದ್ದ. ಹನ್ನೊಂದನೆಯ ದಿನ ಅದೇ ಕುಣಿಯಲ್ಲಿ ಹೊಸ ಸಸಿ ನೆಟ್ಟ. ಮಾಲಿಯ ಹೆಂಡತಿ ನಕ್ಕಳು. ಎಲ್ಲಿ ದನಿ ಏರಿಸಬೇಕು, ಎಲ್ಲಿ ತಡೆಯಬೇಕು, ಎಲ್ಲ ಅವನಿಗೆ ಬಾಯಿಪಾಠ. ಚಪ್ಪಾಳೆ ಬೀಳುವ ಜಾಗದಲ್ಲಿ ಅಭ್ಯಾಸಬಲದಿಂದ ನಿಲ್ಲಿಸಿದ. ಬೆಕ್ಕು ಆಕಳಿಸಿತು.

ತಾಯಿಯವರು ಜೋಳದಿಂದ ಒಂದು ಹರಳು ಆರಿಸಿ ಬದಿಗಿಟ್ಟರು.

“ಚಲೋ ಓದಿದಿ. ಆ ಗಿಡದ ಹೆಸರೇನು?”

“ಹೆಸರಾ? ಬರೇ ಗಿಡಾರೀ. ಅದೊಂದು ದೃಷ್ಟಾಂತ.”

“ಹೂಂ. ಹೆಸರಿಲ್ಲದ್ದು ಹೋದ್ರ ಹನ್ನೊಂದು ದಿನಕ್ಕ ನಗಬಹುದು ಬಿಡು,” ಎಂದು ತಾಯಿಯವರು ಮೊರ ಕೆಳಗಿಟ್ಟರು. “ಏಳು, ಊಟದ ಹೊತ್ತಾತು. ಇವತ್ತಿನ ದಾಸೋಹ ನಿಂದು.”

ಆ ಮಠದಲ್ಲೊಂದು ಪದ್ಧತಿಯಿತ್ತು. ತೀರಿಕೊಂಡವರ ನೆನಪಿಗೆ ಯಾರು ದಾಸೋಹ ಮಾಡಿಸುತ್ತಾರೋ ಅವರು ಎದ್ದು ನಿಂತು ಹೋದವರ ಹೆಸರು ಹೇಳಬೇಕು. ಪಂಕ್ತಿಯೆಲ್ಲ ಆ ಹೆಸರನ್ನು ಒಮ್ಮೆ ಅನ್ನಬೇಕು. ಆಮೇಲೆಯೇ ತುತ್ತು.

ಚನ್ನವೀರ ಎದ್ದು ಅಂಗಿ ಸರಿಮಾಡಿಕೊಂಡ. “ಆತ್ಮೀಯ ಬಂಧುಗಳೇ,” ಎಂದ. ದನಿ ಚೆನ್ನಾಗಿಯೇ ಇತ್ತು. “ಇಂದು ನನ್ನ ಮಗಳ...” ಎಂದವನು ನಿಂತುಬಿಟ್ಟ. ವರ್ಷವಿಡೀ ನೂರು ವೇದಿಕೆಗಳಲ್ಲಿ ‘ಆ ಮಗು’ ಅಂದಿದ್ದ, ‘ನಮ್ಮ ನಷ್ಟ’ ಅಂದಿದ್ದ. ಹೆಸರನ್ನು ಒಮ್ಮೆಯೂ ಬಾಯಿಗೆ ತಂದಿರಲಿಲ್ಲ. ಈಗಲೂ ನಾಲಿಗೆಗೆ ಬಂದದ್ದು ಅದೇ ‘ಆ ಮಗು’; ಅದನ್ನು ನುಂಗಿದ.

ಪಂಕ್ತಿಯ ಮುದುಕನೊಬ್ಬ, “ಲಗೂನ ಹೇಳಪಾ, ರೊಟ್ಟಿ ಆರಾಕತ್ತಾವು,” ಎಂದ.

“ಆರಲಿ,” ಎಂದರು ತಾಯಿಯವರು.

ಎಷ್ಟೋ ಹೊತ್ತಿನ ಮೇಲೆ ಬಾಯಿಂದ ಬಂದದ್ದು ಸುಚೇತಾ ಎಂಬ ಇಟ್ಟ ಹೆಸರಲ್ಲ. ಸಂಜೆ ಗೇಟು ತೆರೆಯುತ್ತಲೇ ಕೂಗುತ್ತಿದ್ದ ಕರೆ. “ಚೇತೂ...”

“ಚೇತೂ,” ಎಂದವು ನಲವತ್ತು ಒರಟು ಗಂಟಲುಗಳು.

ಚನ್ನವೀರ ನಿಂತಲ್ಲೇ ಕುಸಿದು, ಎಲೆಯ ಮುಂದೆ ಮುಖ ಮುಚ್ಚಿಕೊಂಡು ಅತ್ತ. ಸಭೆಗೆಂದು ಅಳುವ ಅಳು ಅದಲ್ಲ. ಮೂಗು ಸೋರುವ, ನೋಡಲಾಗದ ಅಳು. ಶಾಂಭವಿ ರೊಟ್ಟಿಬುಟ್ಟಿ ಇಳಿಸಿ, ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕುಳಿತಳು.

“ಜ್ವರ ಬಂದ ದಿನಾನ ಅಕೀ ಮುಂದಿನ ಹಲ್ಲು ಬಿದ್ದಿತ್ತು. ಅಪ್ಪಾಗ ತೋರಸ್ತೀನಿ ಅಂತ ಮುಠ್ಯಾಗ ಹಿಡಕೊಂಡ ಮಲಗಿದ್ಲು. ನೀವು ಭಾಷಣಕ್ಕ ಹೋಗಿದ್ರಿ.”

“ನನಗ್ಯಾಕ ಹೇಳಲಿಲ್ಲ?”

“ನೀವು ಅಕೀ ಸುದ್ದೀನ ತಗೀಲಿಲ್ಲಲ್ಲ.”

“ಎಲ್ಲೈತಿ ಅದು?”

“ನನ್ನ ಚೀಲದಾಗ.”

ಚನ್ನವೀರ ಅಂದು ಊರಿಗೆ ಮರಳಲಿಲ್ಲ. ಮೂರು ದಿನ ಮಠದಲ್ಲೇ ಉಳಿದು ತಾಯಿಯವರ ಎದುರು ಜೋಳ ಹಸನು ಮಾಡಿದ. ಅರ್ಧ ಹರಳು ಹಾಗೆಯೇ ಉಳಿಯುತ್ತಿದ್ದವು, ತಾಯಿಯವರು ಮತ್ತೊಮ್ಮೆ ಆರಿಸುತ್ತಿದ್ದರು. ನಾಲ್ಕನೆಯ ದಿನ ಇಬ್ಬರನ್ನೂ ಕರೆದು ಅಪ್ಪಣೆ ಕೊಟ್ಟರು: “ಈಗ ಹೋಗ್ರಿ. ದಾರಿ ತುಂಬಾ ಅಕೀ ಸುದ್ದಿ ಮಾತಾಡಕೋತ ಹೋಗ್ರಿ.”

ಆ ಪುಸ್ತಕ ಮತ್ತೆ ಅಚ್ಚಾಗಲಿಲ್ಲ. ವರ್ಷಕ್ಕೊಮ್ಮೆ, ಮಗಳು ತೀರಿಕೊಂಡ ದಿನ, ಗಂಡಹೆಂಡತಿ ಇಬ್ಬರೂ ಮಠಕ್ಕೆ ಬರುತ್ತಾರೆ. ಚನ್ನವೀರ ಪಂಕ್ತಿಯಲ್ಲಿ ಎದ್ದು ನಿಲ್ಲುತ್ತಾನೆ. ಬಂಧುಗಳೇ ಗಿಂಧುಗಳೇ ಏನೂ ಇಲ್ಲ. ಹೇಳಬೇಕಾದದ್ದು ಒಂದೇ ಹೆಸರು. ಅದಕ್ಕೂ ಅವನಿಗೆ ಬಹಳ ಹೊತ್ತು ಹಿಡಿಯುತ್ತದೆ. ಯಾರೂ ಅವಸರ ಮಾಡುವುದಿಲ್ಲ. ರೊಟ್ಟಿ ಆರುತ್ತವೆ.