ಗೀಜಗ ಮೇಷ್ಟ್ರ ಕಡ್ಡಿ ಪಾಠ

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗ ಮೇಷ್ಟ್ರ ಶಾಲೆಯಿತ್ತು. ಹಸಿ ಹುಲ್ಲಿನ ಎಳೆ ಸೀಳಿ, ಕೊಂಬೆಯ ತುದಿಗೆ ತೂಗುವ ಗೂಡು ನೇಯುವುದೇ ಅಲ್ಲಿನ ಪಾಠ. ಮರದ ಬುಡದಲ್ಲೊಂದು ಕೇರೆಹಾವಿತ್ತು. ತೂಗುವ ಗೂಡಿನ ತನಕ ಬರಲು ಅದಕ್ಕೆ ಎಂದೂ ಆಗಿರಲಿಲ್ಲ.

ಒಂದು ದಿನ ಕಾಡಿನ ರಾಜಧಾನಿಯಿಂದ ಗಿಳಿ ಬಂದು ಆಜ್ಞೆ ಒಪ್ಪಿಸಿತು: "ಇನ್ನು ಕಾಡಿಗೆಲ್ಲ ಒಂದೇ ಗೂಡು, ಒಂದೇ ಪಾಠ. ಮರದ ಕವಲಿನಲ್ಲಿ ಒಣಕಡ್ಡಿ ಒಟ್ಟತಕ್ಕದ್ದು."

ಮೇಷ್ಟ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಮರಿಗಳಿಗೆಲ್ಲ ಒಂದೊಂದು ಕಡ್ಡಿ ಕೊಟ್ಟು, ತಾವೂ ಒಂದನ್ನು ಕಾಲಲ್ಲಿ ಹಿಡಿದು ನಿಂತರು. ಕವಲಿಗಾದರೆ ಹಾವು ಸಲೀಸಾಗಿ ಹತ್ತುತ್ತದಲ್ಲ? ಹಾಗಾದರೆ ತಾತ ಮುತ್ತಾತ ಕಲಿಸಿದ್ದೇ ತಪ್ಪೇ? ರಾಜಧಾನಿಯವರು ತಿಳಿಯದೆ ಹೇಳುತ್ತಾರೆಯೇ?

"ಇಲ್ಲಿ ಹಾವಿದೆ, ಗಿಳಿರಾಯರೇ."

"ಪಾಠದಲ್ಲಿ ಹಾವಿಲ್ಲ," ಎಂದಿತು ಗಿಳಿ.

"ಪಾಠ ಬರೆದವರು ಯಾರು?"

"ಕೋಗಿಲೆಯವರು. ಕಾಗೆಯ ಗೂಡಿನಲ್ಲೇ ಹುಟ್ಟಿ ಬೆಳೆದವರು. ಅದಕ್ಕಿಂತ ಒಳ್ಳೆಯ ಗೂಡು ಕಂಡಿಲ್ಲವಂತೆ."

"ಅವರೇ ಕಟ್ಟಿದ ಗೂಡು ಎಲ್ಲಿದೆ?"

"ಅವರೆಲ್ಲಿ ಕಟ್ಟಿದರು? ಗೂಡು ಕಟ್ಟುತ್ತ ಕೂತಿದ್ದರೆ ಪಾಠ ಬರೆಯಲು ಪುರುಸೊತ್ತು ಎಲ್ಲಿರುತ್ತಿತ್ತು?"

ಮೇಷ್ಟ್ರ ಕಾಲಲ್ಲಿದ್ದ ಕಡ್ಡಿ ಜಾರಿ ಬಾವಿಗೆ ಬಿತ್ತು. ಹೊಸ ಪಾಠ ಇದೇ ಇರಬೇಕೆಂದುಕೊಂಡ ಮರಿಗಳು ತಮ್ಮ ಕಡ್ಡಿಗಳನ್ನೂ ಬಾವಿಗೆ ಹಾಕಿ, ಎಂದಿನಂತೆ ಹಸಿ ಹುಲ್ಲು ತರಲು ಹಾರಿಹೋದವು.