ಕೊಳದಲ್ಲಿ ಎಷ್ಟು ಕೊಡ?

"ಗುರುಗಳೇ, ಅಣ್ಣ ಹಾಸಿಗೆ ಹಿಡಿದಿದ್ದಾನೆ. ನನ್ನನ್ನು ನೋಡಬೇಕಂತೆ. ಆದರೆ ನಮ್ಮ ಜಗಳದಲ್ಲಿ ನನ್ನ ತಪ್ಪೆಷ್ಟು, ಅವನ ತಪ್ಪೆಷ್ಟು ಎಂದು ತಿಳಿಯದೆ ಹೇಗೆ ಹೋಗಲಿ?" ಎಂದು ಶಿಷ್ಯ ಚೆನ್ನವೀರ ಕೇಳಿದ. ಆ ವಾರ ಅವನು ಇದನ್ನು ಕೇಳುತ್ತಿದ್ದುದು ಮೊದಲ ಸಲವೇನಲ್ಲ. ಗುರುಗಳು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಕೂತುಕೋ" ಎಂದು ಒಂದು ಕಥೆ ಹೇಳತೊಡಗಿದರು.

ಒಬ್ಬ ವ್ಯಾಪಾರಿ. ಅವನ ಹಿತ್ತಲ ತೋಟದಲ್ಲಿ ಒಂದು ಕೊಳ, ಕೊಳದಲ್ಲಿ ಕೆಲವು ಮೀನು. ಹೆಂಡತಿ ದಿನವೂ ಅವಕ್ಕೆ ಮಂಡಕ್ಕಿ ಹಾಕುವಳು. ಒಂದು ದಿನ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಎದ್ದವು. ವೈದ್ಯರು ಪುಡಿ ಕೊಟ್ಟು, "ಕೊಡ ನೀರಿಗೆ ಒಂದು ಚಿಟಿಕೆ. ಹೆಚ್ಚಾದರೆ ಸಾಯುತ್ತವೆ, ತಡವಾದರೂ ಸಾಯುತ್ತವೆ" ಎಂದರು.

ವ್ಯಾಪಾರಿ ಹಗ್ಗ ಹಿಡಿದು ಉದ್ದ ಅಗಲ ಅಳೆದ. ಕೊಳಕ್ಕೆ ಒಂದು ಕಡೆ ಮೆಟ್ಟಿಲು, ಒಂದು ಕಡೆ ಇಳಿಜಾರು. ಕೋಲು ಇಳಿಸಿದಲ್ಲೆಲ್ಲ ಬೇರೆ ಆಳ. ಲೆಕ್ಕ ಪ್ರತಿ ಸಲವೂ ಬೇರೆ ಬಂತು. ಹೆಂಡತಿಗೆ ತಡೆಯಲಾಗಲಿಲ್ಲ.

"ರೀ, ಬಚ್ಚಲ ಹಂಡೆಗೆ ಆರು ಕೊಡ ನೀರು ಹುಯ್ದು ಮೀನು ಬಿಡಿ. ಆರು ಚಿಟಿಕೆ ಹಾಕಿದರೆ ಮುಗೀತು."

"ವೈದ್ಯರು ಮದ್ದು ಕೊಟ್ಟಿದ್ದು ಕೊಳಕ್ಕೆ ಕಣೇ, ಹಂಡೆಗಲ್ಲ. ನನ್ನ ಕೊಳದಲ್ಲಿ ಎಷ್ಟು ನೀರಿದೆ ಅಂತ ನನಗೇ ಗೊತ್ತಿಲ್ಲ ಅಂದ್ರೆ ನಾಲ್ಕು ಜನ ನಗ್ತಾರೆ!"

ಇಂಥವನಿಗೆ ಏನು ಹೇಳುವುದು! ಕೊಡ ತಂದು, ಕೊಳದ ನೀರನ್ನೇ ಮೊಗೆದು ಗಿಡಗಳಿಗೆ ಸುರಿಯುತ್ತ ಎಣಿಸತೊಡಗಿದ. ಅಂಗಡಿಯಲ್ಲಿ ಧಾನ್ಯ ಅಳೆಯುವ ರೂಢಿಯಂತೆ ಮೊದಲನೆಯದಕ್ಕೆ 'ಒಂದು' ಎನ್ನದೆ 'ಲಾಭ' ಎಂದ. ಕೊಳ ಅರ್ಧವಾದಾಗ, ಲಾಭದ ಮೇಲೆ ಎರಡು ಎಂದೆನೋ ಒಂದು ಎಂದೆನೋ ಎಂಬ ಅನುಮಾನ ಹುಟ್ಟಿತು. ಒಂದೇ ಒಂದು ಕೊಡದ ಅನುಮಾನ! ಬಾವಿಯಿಂದ ಸೇದಿ, ಕೊಳವನ್ನು ಹಳೆಯ ಗುರುತಿನವರೆಗೆ ತುಂಬಿಸಿ, ಮತ್ತೆ ಲಾಭದಿಂದ ಶುರು ಮಾಡಿದ. ಮೀನು ಹಿಡಿದು ಹಂಡೆಗೆ ಬಿಡಲು ಬಂದ ಹೆಂಡತಿಯನ್ನು, ಎಣಿಕೆ ತಪ್ಪಿಸಬೇಡ ಎಂದು ಗದರಿದ. ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು.

ಕೊನೆಗೆ ತಳದ ಕೆಸರು ಕಂಡಿತು. ವ್ಯಾಪಾರಿ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಂತು, "ಸಿಕ್ಕಿತು ಕಣೇ ಲೆಕ್ಕ!" ಎಂದು ಕೂಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಒಟ್ಟು ಎಷ್ಟು ಕೊಡ ನೀರಿತ್ತು, ಗುರುಗಳೇ?"

"ಮೀನು ಉಳಿದವೇ ಎಂದು ಕೇಳುತ್ತೀಯೆಂದು ಕಾಯುತ್ತಿದ್ದೆನಲ್ಲೋ, ಚೆನ್ನವೀರ."