ಗುಡಾಣವೆಂದು ಕರೆಸಿಕೊಂಡ ಕರಡಿ

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಸಂಜೆಗೆ ಬಂದು ಸೇರುವ ನೀರಿನ ಹೊಂಡವಿತ್ತು. ಪಕ್ಕದ ಅತ್ತಿಮರದಲ್ಲಿ ಜಿಗ್ಗನೆಂಬ ಮಂಗ ಇದ್ದ. ಎಲ್ಲರನ್ನೂ ನಗಿಸುವುದೆಂದರೆ ಅವನಿಗೆ ಬಲು ಇಷ್ಟ. ಅದರಲ್ಲೂ ದಪ್ಪ ಮೈಯ ಹೆಣ್ಣು ಕರಡಿಯನ್ನು ಕಂಡರೆ ಸುಮ್ಮನಿರದೆ, ನೀರು ತುಂಬಿಡುವ ದೊಡ್ಡ ಮಣ್ಣಿನ ಗುಡಾಣಕ್ಕೆ ಹೋಲಿಸಿ ಕೂಗುತ್ತಿದ್ದ:

"ಸರೀರಿ, ಸರೀರಿ! ಗುಡಾಣ ಬಂತು! ಇನ್ನು ನಮಗೆಲ್ಲ ಕೆಸರೇ ಗತಿ!"

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಕರಡಿ ತಲೆ ತಗ್ಗಿಸಿ ನಾಲ್ಕು ಗುಟುಕು ಕುಡಿದು ಹೋಗುತ್ತಿದ್ದಳು. ಬರಬರುತ್ತ ಹೊಂಡಕ್ಕೆ ಬರುವುದನ್ನೇ ಬಿಟ್ಟಳು. ಯಾಕೆಂದು ಯಾರೂ ಕೇಳಲಿಲ್ಲ.

ಒಂದು ದಿನ ದೂರದ ಗುಡ್ಡದಲ್ಲಿ ಕೊಂಬೆ ಮುರಿದು ಜಿಗ್ಗ ಕೆಳಗೆ ಬಿದ್ದ. ಕಾಲು ಉಳುಕಿತು. ಅವನ ಕೂಗು ಕೇಳಿ ಬಂದವಳು ಅದೇ ಕರಡಿ. ಅವನನ್ನು ಬೆನ್ನ ಮೇಲೆ ಹೊತ್ತು ತನ್ನ ಗವಿಗೆ ಒಯ್ದಳು.

"ನಿನ್ನ ಹೆಸರೇನು?" ಜಿಗ್ಗ ನಾಚಿಕೊಂಡೇ ಕೇಳಿದ.

"ಹೊನ್ನಿ."

ಎಂಟು ದಿನ ಹೊನ್ನಿ ಎರಡು ಗುಡ್ಡ ಹತ್ತಿಳಿದು ಹಣ್ಣು ತಂದಳು. ದೊಡ್ಡ ಪಾಲು ಅವನಿಗೆ ಕೊಟ್ಟು, ತಾನು ಒಂದಿಷ್ಟು ತಿಂದಳು.

"ಇಷ್ಟೇ ತಿಂದರೂ ಈ ಮೈ ಹೇಗೆ ಬಂತು?"

"ನಮ್ಮಮ್ಮನೂ ಹೀಗೇ ಇದ್ದಳು ಕಣೋ."

ಅವಳು ಕುಂಟುವುದನ್ನು ಜಿಗ್ಗ ಆಗ ನೋಡಿದ. ಒಂದು ಪಾದ ಊದಿಕೊಂಡಿತ್ತು.

"ಮದ್ದು ಕೊಡುವ ಮುಂಗುಸಿಯಜ್ಜನಿಗೆ ತೋರಿಸಬಾರದಿತ್ತೇ?"

"ಹೋಗಿದ್ದೆ. ಅಲ್ಲಿದ್ದವರೆಲ್ಲ 'ಗುಡಾಣ ಬಂತು' ಅಂತ ನಕ್ಕರು. ಅಜ್ಜ ಕಾಲು ಮುಟ್ಟಿಯೂ ನೋಡಲಿಲ್ಲ. 'ಮೊದಲು ಮೈ ಇಳಿಸು' ಅಂದ. ಮತ್ತೆ ಹೋಗಲು ಮನಸ್ಸಾಗಲಿಲ್ಲ."

ಜಿಗ್ಗ ಕೈಯಲ್ಲಿದ್ದ ಹಣ್ಣು ಕೆಳಗಿಟ್ಟು ಎದ್ದ. ಕುಂಟುತ್ತಲೇ ಹೋಗಿ ಅಜ್ಜನನ್ನು ಕರೆತಂದ. ಅಜ್ಜ ಪಾದದಿಂದ ಉದ್ದನೆಯ ಮುಳ್ಳು ಕಿತ್ತ. ಆಮೇಲೆ ಅವಳ ಮುಖ ನೋಡಲಾರದೆ ಹೇಳಿದ: "ತಪ್ಪು ನನ್ನದು, ಹೊನ್ನಿ. ಅಂದೇ ನೋಡಿದ್ದರೆ ಕಾಲು ಸರಿಹೋಗುತ್ತಿತ್ತು. ಇನ್ನು ಈ ಕುಂಟು ಹೋಗುವುದಿಲ್ಲ."

ಆ ಸಂಜೆ ಜಿಗ್ಗ ಹೊಂಡದ ಬಳಿ ನಡೆದದ್ದನ್ನೆಲ್ಲ ಹೇಳಿದ. ಯಾರೂ ನಗಲಿಲ್ಲ. ಮರುದಿನದಿಂದ ಒಬ್ಬೊಬ್ಬರೇ ಗವಿಗೆ ಬಂದು ಕೂತರು, ಮಾತಾಡಿದರು. ಹೊನ್ನಿ ಎಲ್ಲರನ್ನೂ ಬಾ ಎಂದು ಕರೆದಳು.

"ಹೊನ್ನಕ್ಕಾ, ಇವತ್ತಾದರೂ ಹೊಂಡಕ್ಕೆ ಬಾ," ಎಂದ ಜಿಗ್ಗ.

"ನಿನ್ನ ಮೇಲೆ ಕೋಪ ಇಲ್ಲಪ್ಪ. ಆದರೆ ಆ ದಾರಿ ಹಿಡಿದರೆ ಸಾಕು, ಕಿವಿಯಲ್ಲಿ ಆ ನಗುವೇ ಕೇಳುತ್ತೆ. ನಾಳೆ ನೋಡೋಣ."

ಮರುದಿನವೂ ಅವಳು ಅದನ್ನೇ ಹೇಳಿದಳು. ಜಿಗ್ಗ ಮುತ್ತುಗದ ಎಲೆಯ ದೊನ್ನೆ ಮಾಡಿ ಅವಳಿಗೆ ನೀರು ಹೊತ್ತು ತಂದ. ದಾರಿಯಲ್ಲೇ ಅರ್ಧ ಚೆಲ್ಲಿಹೋಯಿತು. ಉಳಿದದ್ದನ್ನು ಅವಳಿಗೆ ಕೊಟ್ಟು, ಇನ್ನಷ್ಟು ತರಲು ಅವನು ಮತ್ತೆ ಹೊಂಡಕ್ಕೆ ಹೋದ.

ನೀತಿ: ಮೈ ನೋಡಿ ಯಾರನ್ನೂ ಹಂಗಿಸಬಾರದು, ಹತ್ತಿರ ಕೂತು ಅವರ ಕಷ್ಟ ಕೇಳಬೇಕು, ಅದೂ ತಡವಾಗುವ ಮೊದಲೇ.